ಪುಲಿಗೆರೆಯ ಕಲ್ಲಿನೊಳಗಿನ ಲೆಕ್ಕ

1/6
ವಿಯೆನ್ನಾದ ರಿಂಗ್‌ಸ್ಟ್ರಾಸೆ ರೀಲ್ಸ್ ನೀವೂ ನೋಡಿರ್ತೀರಿ. ಅಗಲ ರಸ್ತೆ, ಎರಡೂ ಕಡೆ ಗಿಡ, ನಡುವೆ ಟ್ರಾಮ್, ಒಂದು ದಾಟಿದ್ರೆ ಇನ್ನೊಂದು ಅರಮನೆಯಂಥಾ ಕಟ್ಟಡ. ಇದೆಲ್ಲಾ ಹೆಂಗ ಬಂತು ಗೊತ್ತಾ? 1857ರಲ್ಲಿ ಚಕ್ರವರ್ತಿ ಫ್ರಾಂಜ್ ಜೋಸೆಫ್ ಊರಿನ ಹಳೇ ಕೋಟೆಗೋಡೆ ಕೆಡವಲು ಆದೇಶ ಕೊಟ್ಟ. 1865ರಲ್ಲಿ ರಸ್ತೆ ಉದ್ಘಾಟನೆ ಆಯ್ತು. ಖಾಲಿಯಾದ ಜಾಗವನ್ನು ಸೈಟ್ ಮಾಡಿ ಮಾರಿದರು, ಬಂದ ರೊಕ್ಕಕ್ಕೆ ಒಂದು ನಿಧಿ ಮಾಡಿದರು, ಆ ನಿಧಿಯಿಂದ ಅಪೆರಾದಂಥ ದೊಡ್ಡ ಕಟ್ಟಡ ಎದ್ದವು. ಪಾರ್ಲಿಮೆಂಟ್ ಗ್ರೀಕ್ ಗುಡಿಯಂಗ ಕಾಣತೈತಿ, ಸಿಟಿ ಹಾಲ್ ಗೋಥಿಕ್ ಚರ್ಚಿನಂಗ ಕಾಣತೈತಿ. ಆದರೆ ಎರಡೂ ಮುಗಿದಿದ್ದು ಒಂದೇ ವರ್ಷ, 1883. ಬೇರೆ ಬೇರೆ ಕಾಲದ ವೇಷ, ಹುಟ್ಟಿದ್ದು ಒಂದೇ ಕಾಲಕ್ಕೆ.

2/6
ಈಗ ಗದಗದಿಂದ ಸುಮಾರು 40 ಕಿ.ಮೀ. ದೂರದ ಲಕ್ಷ್ಮೇಶ್ವರಕ್ಕೆ ಬರ್ರಿ. ಹಳೇ ಹೆಸರು ಪುಲಿಗೆರೆ. ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ತಿರುಳ್ಗನ್ನಡದ ನಾಡು ಅಂತ ಹೇಳೋ ನಾಲ್ಕು ಊರಲ್ಲಿ ಇದೂ ಒಂದು. ಉಳಿದವು ಕಿಸುವೊಳಲು (ಪಟ್ಟದಕಲ್ಲು), ಕೊಪಣ (ಕೊಪ್ಪಳ), ಒಂಕುಂದ. ಪಂಪ ಕೂಡ ತನ್ನ ಭಾರತವನ್ನು ಈ ಪುಲಿಗೆರೆಯ ಕನ್ನಡದಲ್ಲೇ ಬರೆದೆ ಅಂತ ಹೇಳಿಕೊಂಡಾನ.
ಇಲ್ಲಿ ಯಾವ ಚಕ್ರವರ್ತಿನೂ ರಸ್ತೆಯ ನಕ್ಷೆ ಹಾಕಲಿಲ್ಲ. ಆದರೂ ಊರೊಳಗ ಅರ್ಧ ದಿನ ನಡೆದ್ರೆ ಸಾಕು, ಶತಮಾನಗಳ ಕಟ್ಟಡ ಸಿಗ್ತಾವು, ಒಂದೊಂದೂ ತನ್ನ ಕಾಲದ್ದೇ ಬಟ್ಟೆಯೊಳಗ.

3/6
ಮೊದಲು ಸೋಮೇಶ್ವರ ಗುಡಿ. ಕಲ್ಯಾಣಿ ಚಾಲುಕ್ಯರ ಕಾಲದ್ದು. ಸುತ್ತ ಕೋಟೆಯಂಥ ಎತ್ತರದ ಗೋಡೆ, ಒಳಗೆ ಸಣ್ಣ ಗುಡಿಗಳು, ಮೆಟ್ಟಿಲಿನ ಬಾವಿ. ಗರ್ಭಗುಡಿಯೊಳಗೆ ನಂದಿ ಮ್ಯಾಲೆ ಕೂತ ಶಿವ-ಪಾರ್ವತಿ. ಸೌರಾಷ್ಟ್ರದಿಂದ ಬಂದ ಆದಯ್ಯ ಅನ್ನೋ ವ್ಯಾಪಾರಿ ಈ ಸೋಮನಾಥನನ್ನು ತಂದ ಅನ್ನೋದು ಐತಿಹ್ಯ. ರಾಘವಾಂಕನ 'ಸೋಮನಾಥ ಚಾರಿತ್ರ' ಇದೇ ಕಥೆ.
ಮುಂದೆ ಶಂಖ ಬಸದಿ. ನೇಮಿನಾಥನ ಲಾಂಛನ ಶಂಖ, ಅದಕ್ಕೇ ಈ ಹೆಸರು. ಇಲ್ಲಿನ ಸಹಸ್ರಕೂಟ ತಪ್ಪಿಸಬ್ಯಾಡ್ರಿ. ಮೈತುಂಬಾ ಸಾಲು ಸಾಲು ಪುಟ್ಟ ಜಿನಬಿಂಬ.
ಆಮೇಲೆ ಜುಮ್ಮಾ ಮಸೀದಿ. 1617ರಲ್ಲಿ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲಕ್ಕೆ, ಅಂಕುಶ್ ಖಾನ್ ಕಟ್ಟಿಸಿದ್ದು. ಗುಮ್ಮಟ ನೋಡಿದ ಕೂಡಲೇ ವಿಜಾಪುರ ನೆನಪಾಗತೈತಿ.

4/6
ಫೋಟೋ ತೆಗೆಯೋರೆಲ್ಲಾ ಕೇಳೋದು "ಯಾರು ಕಟ್ಟಿಸಿದ್ರು?" ಬಿಕಾಂ ಓದೋ ನನಗೆ ಬರೋ ಪ್ರಶ್ನೆ ಬೇರೆ. ಕಟ್ಟಿದ ಮರುವರ್ಷದಿಂದಾನ ಸವಕಳಿ ಶುರು. ಮಳೆ ಸೋರತೈತಿ, ಕಲ್ಲು ಬಿರುಕು ಬಿಡತೈತಿ. ಆ ಖರ್ಚು ಯಾರು ಕೊಟ್ಟರು?
ಉತ್ತರ ಶಾಸನದಾಗ ಐತಿ. ದಾನ ಕೊಟ್ಟವರು ಯಾರು, ಪಡೆದವರು ಯಾರು, ಎಷ್ಟು ಮತ್ತರು ಭೂಮಿ, ನಾಲ್ಕು ದಿಕ್ಕಿಗೆ ಗಡಿ ಯಾವುದು, ಎಲ್ಲಾ ಬರೀತಿದ್ರು. ದಾನದ ಉದ್ದೇಶದಲ್ಲಿ ಮತ್ತೆ ಮತ್ತೆ ಬರೋ ಒಂದು ಮಾತು: ಖಂಡಸ್ಫುಟಿತ ಜೀರ್ಣೋದ್ಧಾರ. ಅಂದ್ರೆ ಒಡೆದದ್ದು, ಬಿರಿದದ್ದು ರಿಪೇರಿ ಮಾಡಿಸೋದು. ನಿರ್ವಹಣೆಯ ಬಜೆಟ್ ಅಂದ್ರೆ ಇದೇ ಅಲ್ವಾ? ಕೊನೆಗೆ, ಈ ದಾನ ಕಬಳಿಸಿದವನು 60,000 ವರ್ಷ ಹೊಲಸಿನೊಳಗಿನ ಹುಳ ಆಗ್ತಾನ ಅಂತ ಶಾಪ. ಆಡಿಟರ್ ಇಲ್ಲದ ಕಾಲದ ಆಡಿಟ್ ರೀ ಅದು.

5/6
ಈ ಲೆಕ್ಕ ನಡೀತಿತ್ತಾ ಅಂದ್ರೆ, ಒಂದು ಉದಾಹರಣೆ ಕೊಡ್ತೀನಿ. ಬಾದಾಮಿ ಚಾಲುಕ್ಯ ದೊರೆ ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿ ಪುಲಿಗೆರೆಯಲ್ಲಿ ಒಂದು ಬಸದಿ ಕಟ್ಟಿಸಿದಳು. ಅದಕ್ಕೆ ವಿಜಯಾದಿತ್ಯ ಗುಡಿಗೆರೆ ಅನ್ನೋ ಊರನ್ನು ದಾನ ಕೊಟ್ಟಿದ್ದನ್ನು 707ರ ಶಿಗ್ಗಾಂವಿ ತಾಮ್ರಪಟ ಹೇಳತೈತಿ. ನಾವು ಇವತ್ತು ಗುಡಗೇರಿ ಅಂತೀವಲ್ಲ, ಅದೇ.
ಅದೇ ಗುಡಗೇರಿಯೊಳಗ 1076ರ ಸುಮಾರಿನ ಇನ್ನೊಂದು ಶಾಸನ ಐತಿ. ಅದರಲ್ಲಿ ಕುಂಕುಮ ಮಹಾದೇವಿಯ ಆನೆಸೆಜ್ಜೆ ಬಸದಿಯ ಹೆಸರೂ ಐತಿ, ಅದಕ್ಕೆ ಸೇರಿದ ಹೊಲದ ವಿಚಾರನೂ ಐತಿ. ನಡುವೆ ಸುಮಾರು 370 ವರ್ಷ. ಬಾದಾಮಿಯ ಚಾಲುಕ್ಯರು ಹೋದರು, ರಾಷ್ಟ್ರಕೂಟರು ಬಂದು ಹೋದರು, ಕಲ್ಯಾಣಿ ಚಾಲುಕ್ಯರು ಬಂದರು. ಮೂರು ರಾಜಮನೆತನ ಬದಲಾದ್ರೂ ಕೊಟ್ಟ ಹೆಣ್ಣುಮಗಳ ಹೆಸರು ಲೆಕ್ಕದೊಳಗಿಂದ ಅಳಿಸಿ ಹೋಗಲಿಲ್ಲ.

6/6
ವಿಯೆನ್ನಾದ ಅಪೆರಾ 1945ರ ಮಾರ್ಚಿನಲ್ಲಿ ಬಾಂಬಿಗೆ ಸುಟ್ಟಿತ್ತು. ಮತ್ತೆ ತೆರೆದಿದ್ದು 1955ರ ನವೆಂಬರ್‌ನಲ್ಲಿ. ಹತ್ತು ವರ್ಷ ದುಡ್ಡು, ದುಡಿಮೆ ಎರಡೂ ಹಾಕಿದ್ರು, ಅದಕ್ಕೇ ಇವತ್ತು ರೀಲ್ಸ್‌ನಾಗ ಹಂಗ ಹೊಳಿತೈತಿ. ಅಲ್ಲಿರಲಿ ಇಲ್ಲಿರಲಿ, ನಿಂತಿರೋ ಪ್ರತಿ ಹಳೇ ಕಟ್ಟಡದ ಹಿಂದೆ ರಿಪೇರಿ ಖರ್ಚು ಕೊಟ್ಟೋರು ಇರ್ತಾರ.
ಶಿರಹಟ್ಟಿ, ಮುಂಡರಗಿ, ಬೆಟಗೇರಿ, ಎಲ್ಲಿಂದಾದರೂ ಬರ್ರಿ, ಒಂದು ಭಾನುವಾರ ಸಾಕು. ಶಾಸನದ ಕಲ್ಲು ಕಂಡ್ರೆ ಅದರ ಮ್ಯಾಲೆ ಸುಣ್ಣ ಹಚ್ಚಬ್ಯಾಡ್ರಿ, ಹೆಸರು ಕೆತ್ತಬ್ಯಾಡ್ರಿ. ಅದು ಆ ಕಟ್ಟಡದ ಲೆಕ್ಕದ ಪುಸ್ತಕ, ಎರಡನೇ ಪ್ರತಿ ಇಲ್ಲ. ಹುಬ್ಬಳ್ಳಿ ಲೈನಿನ ರೈಲು ಗುಡಗೇರಿ ಸ್ಟೇಷನ್ನಿನಾಗ ನಿಂತಾಗ ಕಿಟಕಿಯಿಂದ ಒಂದ್ಸಲ ಹೊರಗೆ ನೋಡ್ರಿ. ಆ ಊರಿನ ಹೊಲದ ಬೆಳೆಯಿಂದ ಪುಲಿಗೆರೆಯ ಬಸದಿಯ ದೀಪ ಉರೀತಿತ್ತು.

ನಿಮ್ಮೂರಾಗೂ ಶಾಸನ ಐತಿ ಅಂದ್ರೆ ಕಮೆಂಟ್‌ನಾಗ ಊರ ಹೆಸರು ಹಾಕ್ರಿ 👇
#ಲಕ್ಷ್ಮೇಶ್ವರ #ಪುಲಿಗೆರೆ #ಗದಗ #ನಮ್ಮಇತಿಹಾಸ