ಮುತ್ತಯ್ಯ, ಎಸ್.

1930-2019. ಚೆನ್ನೈ ನಗರದ ಚರಿತ್ರೆಕಾರ, ಪತ್ರಕರ್ತ. ಚೆಟ್ಟಿನಾಡಿನ ಪಳ್ಳತ್ತೂರಿನವರು. ಕೊಲಂಬೊದ ಟೈಮ್ಸ್ ಆಫ್ ಸಿಲೋನ್ ಪತ್ರಿಕೆಯಲ್ಲಿ ದುಡಿದು, 1968ರಲ್ಲಿ ಮದರಾಸಿಗೆ ಬಂದು ನಕ್ಷೆ ಮುದ್ರಣ ಸಂಸ್ಥೆಯೊಂದನ್ನು ಸೇರಿದರು. ಊರಿನ ಕಥೆಗೆ ಕೈಹಾಕಿದ್ದು ಆ ಬಳಿಕ. ಮದ್ರಾಸ್ ಡಿಸ್ಕವರ್ಡ್ ಪುಸ್ತಕ (1981) ಅವರಿಗೆ ಹೆಸರು ತಂದಿತು. 1991ರಲ್ಲಿ ಮದ್ರಾಸ್ ಮ್ಯೂಸಿಂಗ್ಸ್ ಪಾಕ್ಷಿಕವನ್ನು ಆರಂಭಿಸಿದರು.

ಇವರ ನಿಜವಾದ ಹೆಚ್ಚುಗಾರಿಕೆ ದಿ ಹಿಂದೂ ಪತ್ರಿಕೆಯ ಸೋಮವಾರದ ಅಂಕಣ, ಮದ್ರಾಸ್ ಮಿಸಲೇನಿ. ಹಳೆಯ ಬಂಗಲೆ, ಬೀದಿಯ ಹೆಸರು, ಮುಚ್ಚಿಹೋದ ಅಂಗಡಿ ಯಾವುದರ ಬಗ್ಗೆ ಬರೆದರೂ ಓದುಗರು ತಮ್ಮ ಮನೆತನದ ನೆನಪುಗಳನ್ನೂ ತಿದ್ದುಪಡಿಗಳನ್ನೂ ಕಳಿಸುತ್ತಿದ್ದರು. ಅವನ್ನು ಮುಂದಿನ ವಾರಗಳಲ್ಲಿ ಸಂಕೋಚವಿಲ್ಲದೆ ಅಚ್ಚುಹಾಕುತ್ತಿದ್ದರು. ಎಚ್. ಡಿ. ಲವ್ 1913ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಡತಗಳಿಂದ ಮೂರು ಸಂಪುಟಗಳಲ್ಲಿ ಕಟ್ಟಿದ ಮದರಾಸಿನ ಚರಿತ್ರೆಗೆ ಹೀಗೆ ಮನೆಮಾತಿನ ಪುರವಣಿ ಸೇರಿತು.

2004ರಿಂದ ಆಚರಣೆಯಲ್ಲಿರುವ ಮದ್ರಾಸ್ ದಿನದ (ಆಗಸ್ಟ್ 22) ಪ್ರವರ್ತಕರಲ್ಲಿ ಇವರೂ ಒಬ್ಬರು. 1639ರಲ್ಲಿ ಸ್ಥಳೀಯ ಅಧಿಪತಿಗಳಾದ ದಾಮರ್ಲ ನಾಯಕರು ಈಸ್ಟ್ ಇಂಡಿಯಾ ಕಂಪನಿಗೆ ಭೂಮಿ ಕೊಟ್ಟ ದಿನವದು. ಜುಲೈ 22 ಎಂಬ ವಾದವೂ ಉಂಟು. ನಾಯಕರ ತಂದೆ ಚೆನ್ನಪ್ಪನ ಹೆಸರೇ ಚೆನ್ನೈನ ಹಳೆಯ ಹೆಸರಾದ ಚೆನ್ನಪಟ್ಟಣಕ್ಕೆ ಬಂತೆನ್ನುತ್ತಾರೆ. ಕನ್ನಡಿಗರು ಇದನ್ನು ಗೊಂಬೆಗಳ ಚನ್ನಪಟ್ಟಣವೆಂದು ಭ್ರಮಿಸಬಾರದು. ಬ್ರಿಟನ್ ಸರ್ಕಾರ 2002ರಲ್ಲಿ ಮುತ್ತಯ್ಯನವರಿಗೆ ಎಂಬಿಇ ಗೌರವ ನೀಡಿತು.