ಸಮರಾಭ್ಯಾಸ, ನ್ಯಾಟೋ ಸೇನಾ ಪ್ರಧಾನಕೇಂದ್ರಗಳ

1949ರ ವಾಷಿಂಗ್ಟನ್ ಒಡಂಬಡಿಕೆಯಿಂದ ಜನ್ಮತಾಳಿದ ನ್ಯಾಟೋ ಒಕ್ಕೂಟವು, ರಣಭೂಮಿಗೆ ಸೈನ್ಯವನ್ನಿಳಿಸದೆಯೇ ತನ್ನ ಸೇನಾಪತಿಗಳನ್ನೂ ಅವರ ಅಧಿಕಾರಿವರ್ಗವನ್ನೂ ಸಮರನಿರ್ವಹಣೆಯಲ್ಲಿ ಪಳಗಿಸುವ ಕ್ರಮ. ಇದರ ಮುಖ್ಯ ನೆಲೆ ನಾರ್ವೆಯ ಸ್ಟಾವಂಗರ್‌ನಲ್ಲಿ 2003ರಲ್ಲಿ ಸ್ಥಾಪಿತವಾದ ಸಂಯುಕ್ತ ಸಮರಕೇಂದ್ರ. ಪೋಲೆಂಡಿನಲ್ಲಿಯೂ ಇಂತಹುದೇ ಒಂದು ಶಿಕ್ಷಣಕೇಂದ್ರವುಂಟು.

ಕಲ್ಪಿತ ರಾಷ್ಟ್ರಗಳು, ಅವುಗಳ ಗಡಿವಿವಾದ, ಅರ್ಥವ್ಯವಸ್ಥೆ, ಪತ್ರಿಕೆಗಳು ಇವೆಲ್ಲವನ್ನೂ ತಿಂಗಳುಗಟ್ಟಲೆ ಮುಂಚಿತವಾಗಿ ರಚಿಸಿ, ಪಡೆಗಳ ಚಲನೆ, ನಷ್ಟ, ಸರಬರಾಜುಗಳ ಲೆಕ್ಕವನ್ನು ಗಣಕಯಂತ್ರಕ್ಕೊಪ್ಪಿಸಿ, ನಿಯಂತ್ರಕರು ಒಂದಾದಮೇಲೊಂದರಂತೆ ಘಟನೆಗಳನ್ನು ಒಡ್ಡುತ್ತಿರಲಾಗಿ, ಅಭ್ಯಾಸನಿರತ ಕೇಂದ್ರವು ಅಪೂರ್ಣ ವಾರ್ತೆಗಳ ನಡುವೆಯೇ ನಿರ್ಣಯ ಕೈಗೊಳ್ಳಬೇಕಾಗುವುದು. ಅಧೀನ ದಳಗಳ ಪಾತ್ರವನ್ನು ಬೇರೆ ಅಧಿಕಾರಿಗಳು ವಹಿಸುವರು. ನಿವೃತ್ತ ಹಿರಿಯ ಸೇನಾನಿಗಳು ಮಾರ್ಗದರ್ಶಕರಾಗಿರುವರು. ಭಿನ್ನ ಭಾಷೆ, ಭಿನ್ನ ಸೇನಾಪದ್ಧತಿ, ಭಿನ್ನ ರಾಜಕೀಯ ಕಟ್ಟಳೆಗಳ ಅಧಿಕಾರಿಗಳು ಒಂದೇ ಮನಸ್ಸಿನಿಂದ ಆಲೋಚಿಸುವಂತಾಗುವುದೇ ಈ ಶಿಕ್ಷಣದ ಪರಮ ಪ್ರಯೋಜನವೆನ್ನಬೇಕು. ಜಯಾಪಜಯಗಳ ಗಣನೆ ಇಲ್ಲಿ ಗೌಣ.

ಆದರೂ ಇಂತಹ ಅಭ್ಯಾಸವು ನಿರಪಾಯವೆಂದು ಭಾವಿಸಲಾಗದು. 1983ರ ನವೆಂಬರಿನಲ್ಲಿ ಪಶ್ಚಿಮ ಯೂರೋಪಿನಲ್ಲಿ ನಡೆದ 'ಏಬಲ್ ಆರ್ಚರ್' ಅಭ್ಯಾಸದಲ್ಲಿ ಪರಮಾಣು ಅಸ್ತ್ರಪ್ರಯೋಗದ ಅನುಮತಿಕ್ರಮವನ್ನು ಅನುಕರಿಸಲಾಗಿ, ಆ ವರ್ಷದ ತೀವ್ರ ವೈಮನಸ್ಯದಿಂದ ಮೊದಲೇ ಶಂಕಾಕುಲವಾಗಿದ್ದ ಸೋವಿಯತ್ ಪಕ್ಷವು ಪೂರ್ವ ಜರ್ಮನಿ ಮತ್ತು ಪೋಲೆಂಡುಗಳಲ್ಲಿದ್ದ ತನ್ನ ಕೆಲವು ವಾಯುದಳಗಳನ್ನು ಸನ್ನದ್ಧಸ್ಥಿತಿಯಲ್ಲಿರಿಸಿತು. ಯುದ್ಧವು ಎಷ್ಟು ಸಮೀಪಿಸಿತ್ತೆಂಬ ವಿಷಯದಲ್ಲಿ ಇತಿಹಾಸಕಾರರಲ್ಲಿ ಇಂದಿಗೂ ಮತಭೇದವುಂಟು.