ಪರೀಕ್ಷೆಗೆ ಕೊಟ್ಟ ಒಪ್ಪಿಗೆ

ವೈದ್ಯನು ರೋಗಿಯ ಕೈಹಿಡಿದು ನಾಡಿ ನೋಡುತ್ತಿದ್ದ ಕಾಲದಲ್ಲಿ ಪರೀಕ್ಷೆಯಿಂದ ಯಾರಿಗೂ ಕೇಡಾಗುವ ಸಂಭವವಿರಲಿಲ್ಲ. ಪರೀಕ್ಷೆಯೇ ದೇಹದೊಳಕ್ಕೆ ಇಳಿಯತೊಡಗಿದ ಮೇಲೆ, ಅದರಿಂದ ನೊಂದವರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಹುಟ್ಟಿತು. ಅದಕ್ಕೀಗ ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ.

ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಒಬ್ಬ ಹೆಂಗಸು ಈಥರ್ ಕೊಟ್ಟು ಹೊಟ್ಟೆಯ ಗಡ್ಡೆಯನ್ನು ಪರೀಕ್ಷಿಸಲು ಮಾತ್ರ ಒಪ್ಪಿದ್ದಳು, ಶಸ್ತ್ರಚಿಕಿತ್ಸೆ ಬೇಡವೆಂದಿದ್ದಳು. ಎಚ್ಚರ ತಪ್ಪಿದ್ದಾಗ ಗಡ್ಡೆಯನ್ನು ತೆಗೆದರು. ಬಳಿಕ ಕೈ ಕೊಳೆತು ಕೆಲವು ಬೆರಳುಗಳನ್ನು ಕತ್ತರಿಸಬೇಕಾಯಿತು ಎಂಬುದು ಆಕೆಯ ದೂರು. ಪ್ರಾಪ್ತ ವಯಸ್ಸಿನ, ಸ್ವಸ್ಥಚಿತ್ತದ ವ್ಯಕ್ತಿಯ ದೇಹಕ್ಕೆ ಆ ವ್ಯಕ್ತಿಯೇ ಒಡೆಯನೆಂದು 1914ರಲ್ಲಿ ನ್ಯಾಯಮೂರ್ತಿ ಕಾರ್ಡೋಜೊ ಬರೆದರು. ಕಾನೂನು ಓದುವವರಿಗೆ ಆ ಮಾತು ಬಾಯಿಪಾಠ. ಆದರೆ ಆಸ್ಪತ್ರೆಯು ಧರ್ಮಸಂಸ್ಥೆಯೆಂಬ ಕಾರಣದಿಂದ ಆಕೆ ಆ ಮೊಕದ್ದಮೆಯಲ್ಲಿ ಸೋತಳೆಂಬುದನ್ನು ನೆನೆಯುವವರು ಕಡಿಮೆ.

1957ರಲ್ಲಿ ಕ್ಯಾಲಿಫೋರ್ನಿಯದ ಸಾಲ್ಗೋ ಮೊಕದ್ದಮೆ ಬಂದಿತು. ಕಾಲಿನ ರಕ್ತಸಂಚಾರದ ದೋಷವನ್ನು ಕಂಡುಹಿಡಿಯಲೆಂದು ಮಹಾಧಮನಿಗೆ ಬಣ್ಣದ ದ್ರವವನ್ನು ಚುಚ್ಚಿ ಚಿತ್ರ ತೆಗೆದರು. ರೋಗಿಯ ಎರಡು ಕಾಲುಗಳೂ ಸ್ವಾಧೀನ ತಪ್ಪಿದವು. ಅಪಾಯವನ್ನು ತಿಳಿಸಿ ಪಡೆಯುವ ಸಮ್ಮತಿ ಎಂಬ ಮಾತು ನ್ಯಾಯಾಲಯಗಳಲ್ಲಿ ಬಳಕೆಗೆ ಬಂದುದು ಈ ತೀರ್ಪಿನಿಂದ.

ನಮ್ಮ ದೇಶದಲ್ಲಿ ಸಾಮಾನ್ಯರಿಗೆ ಸುಲಭದ ದಾರಿ ತೆರೆದದ್ದು 1995ರಲ್ಲಿ. ಹಣ ಪಡೆದು ಮಾಡುವ ಚಿಕಿತ್ಸೆಯೂ 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಸೇರುತ್ತದೆಂದು ಸರ್ವೋಚ್ಚ ನ್ಯಾಯಾಲಯ ಆ ವರ್ಷ ತೀರ್ಪಿತ್ತಿತು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಗಳು ಹೊರಗುಳಿದವು. ಅಲ್ಲಿ ನೊಂದ ಬಡವನಿಗೆ ಸಿವಿಲ್ ನ್ಯಾಯಾಲಯವೇ ಗತಿಯಾಯಿತು. ಇದು ನನಗೆ ಇಂದಿಗೂ ಒಪ್ಪಿಗೆಯಾಗದ ವಿಂಗಡಣೆ.

ಅದೇ 1995ರಲ್ಲಿ ದೆಹಲಿಯ ನಲವತ್ತನಾಲ್ಕು ವಯಸ್ಸಿನ ಅವಿವಾಹಿತ ಮಹಿಳೆಯೊಬ್ಬರು ರಕ್ತಸ್ರಾವದ ತೊಂದರೆಯಿಂದ ವೈದ್ಯರಲ್ಲಿಗೆ ಹೋದರು. ಲ್ಯಾಪರೊಸ್ಕೋಪಿ ಪರೀಕ್ಷೆಗೆಂದು ಅರಿವಳಿಕೆ ಕೊಡಲಾಯಿತು. ಒಳಗೆ ಕಂಡುದನ್ನು ನೋಡಿ, ಹೊರಗೆ ಕುಳಿತಿದ್ದ ವೃದ್ಧ ತಾಯಿಯ ಸಹಿ ಪಡೆದು, ಗರ್ಭಕೋಶ ಅಂಡಾಶಯಗಳನ್ನು ತೆಗೆದರು. ರಾಷ್ಟ್ರೀಯ ಆಯೋಗ 2003ರಲ್ಲಿ ದೂರನ್ನು ವಜಾ ಮಾಡಿತು. 2008ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ, ಪ್ರಾಣಾಪಾಯವಿಲ್ಲದಿರುವಾಗ ಮಗಳು ಎಚ್ಚರಗೊಳ್ಳುವ ತನಕ ಕಾಯಬೇಕಿತ್ತು. ಆಕೆ ಕೇಳಿದ್ದ ಪರಿಹಾರ ಇಪ್ಪತ್ತೈದು ಲಕ್ಷ. ದೊರೆತದ್ದು ಇಪ್ಪತ್ತೈದು ಸಾವಿರ, ಜೊತೆಗೆ ವೈದ್ಯರ ಶುಲ್ಕದ ಮಾಫಿ.

ಈ ತೀರ್ಪನ್ನು ಬರೆದವರು ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್. ಅದರಲ್ಲಿ ಅವರು, ಅಕ್ಕರೆಯಿಂದ ನೋಡುತ್ತಿದ್ದ ನೆರೆಹೊರೆಯ ವೈದ್ಯರ ಕುಲ ಕ್ಷೀಣಿಸುತ್ತಿರುವುದಕ್ಕೆ ಮರುಗುತ್ತಾರೆ. ಅನಂತರದ ಮಾತು ಇನ್ನೂ ಗಮನಾರ್ಹ. ರೋಗ ಬಹುಪಾಲು ತಿಳಿದಿದ್ದರೂ, ನಾಳೆ ನಿರ್ಲಕ್ಷ್ಯದ ಆರೋಪ ಬಾರದಿರಲೆಂದು ಖಾಸಗಿ ವೈದ್ಯರು ದುಬಾರಿ ಪರೀಕ್ಷೆಗಳನ್ನು ಮಾಡಿಸುತ್ತಿದ್ದಾರೆ ಎಂದು ಅವರು ಬರೆದರು. ಅಂದರೆ ರೋಗಿಯನ್ನು ಕಾಯಲು ಬಂದ ಕಾನೂನೇ ಅವನನ್ನು ಪರೀಕ್ಷೆಯ ಕೋಣೆಗೆ ಅಟ್ಟುತ್ತಿದೆ! ನ್ಯಾಯಾಧೀಶರೊಬ್ಬರು ಇದನ್ನು ತೀರ್ಪಿನಲ್ಲೇ ಒಪ್ಪಿಕೊಂಡದ್ದು ದೊಡ್ಡ ಮಾತೆಂದು ನಾನು ಬಲ್ಲೆ.

ಪರೀಕ್ಷೆ ಅನಾವಶ್ಯಕವಾಗಿತ್ತೆಂದು ಸಾಧಿಸುವುದು ಸುಲಭವಲ್ಲ. ಹಾಗೆಂದು ಹೇಳಲು ಇನ್ನೊಬ್ಬ ವೈದ್ಯನೇ ಬರಬೇಕು. ಆತ ಬರುವುದು ಅಪರೂಪ. ಆದುದರಿಂದ ನೊಂದವರಿಗೆ ಹೆಚ್ಚು ಒದಗಿಬಂದಿರುವುದು ಸಮ್ಮತಿಯ ವಾದ. ಇದಲ್ಲದೆ ರೋಗಿಯನ್ನು ಕಳುಹಿಸಿಕೊಟ್ಟದ್ದಕ್ಕೆ ಕಮಿಷನ್ ಪಡೆಯುವುದನ್ನು ವೈದ್ಯರ ನಡತೆಯ 2002ರ ನಿಯಮಾವಳಿ ನಿಷೇಧಿಸುತ್ತದೆ. ಅಂಥ ಸಂಶಯವಿದ್ದರೆ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ದೂರಬಹುದು. ಅದು ವೈದ್ಯನನ್ನು ದಂಡಿಸೀತು, ರೋಗಿಗೆ ಹಣ ಕೊಡಿಸದು. ಹಣಕ್ಕೆ ಗ್ರಾಹಕ ಆಯೋಗವೇ ಆಗಬೇಕು. ಹಳೆಯ ಕಾಯಿದೆಯ ಬದಲಿಗೆ ಬಂದ 2019ರ ಕಾಯಿದೆಯಲ್ಲಿಯೂ ದೂರಿಗೆ ಅವಧಿ ಎರಡು ವರ್ಷ. ಅದಕ್ಕೆ ಮೊದಲು ಚಿಕಿತ್ಸೆಯ ಕಾಗದಪತ್ರಗಳು ಕೈಯಲ್ಲಿರಬೇಕು. ರೋಗಿ ಕೇಳಿದ ಎಪ್ಪತ್ತೆರಡು ಗಂಟೆಗಳೊಳಗೆ ಅವನ್ನು ಕೊಡಬೇಕೆಂದು ಅದೇ 2002ರ ನಿಯಮಾವಳಿಯಲ್ಲಿದೆ.